ಬೀಜ ಮೊಳೆಯುತ್ತಿಲ್ಲವೇ? ಮೊದಲು ಅಗೆದು ನೋಡಿ, ಆಮೇಲೆ ಮದ್ದು

ಬಿತ್ತಿ ಮೂರು ವಾರ ಕಳೆದರೂ ಟ್ರೇಯಲ್ಲಿ ಒಂದೂ ಹಸಿರು ಚುಕ್ಕೆ ಕಾಣದಿದ್ದಾಗ ಹೆಚ್ಚಿನವರು ಇನ್ನಷ್ಟು ನೀರು ಸುರಿಯುತ್ತಾರೆ. ತಾಳ್ಮೆ ತಪ್ಪಿದವರು ಟ್ರೇ ಕೊಡವಿ ಬೇರೆ ಬೀಜ ಹಾಕುತ್ತಾರೆ. ಎರಡಕ್ಕೂ ಮುಂಚೆ ಮಾಡಬೇಕಾದ ಕೆಲಸ ಒಂದಿದೆ. ಒಂದು ಚಮಚ ತೆಗೆದುಕೊಂಡು ನಾಲ್ಕೈದು ಬೀಜಗಳನ್ನು ಮಣ್ಣಿನಿಂದ ಮೇಲೆತ್ತಿ, ತೊಳೆದು, ಬೆರಳಿನಿಂದ ಒತ್ತಿ ನೋಡಬೇಕು. ಬೀಜ ಯಾಕೆ ಏಳುತ್ತಿಲ್ಲ ಎಂಬುದಕ್ಕೆ ಉತ್ತರ ಮುಕ್ಕಾಲು ಪಾಲು ಅಲ್ಲೇ ಸಿಗುತ್ತದೆ.

ಹೀಗೆ ತೆಗೆದ ಬೀಜ ಸಾಮಾನ್ಯವಾಗಿ ಈ ಸ್ಥಿತಿಗಳಲ್ಲಿ ಒಂದರಲ್ಲಿರುತ್ತದೆ: ಹಾಕಿದಾಗ ಇದ್ದ ಹಾಗೆಯೇ ಕಲ್ಲಿನಂತಿದೆ, ನೀರು ಕುಡಿದು ಉಬ್ಬಿ ಗಟ್ಟಿಯಾಗಿದ್ದರೂ ಮೊಳಕೆ ಮಾತ್ರ ಇಲ್ಲ, ಒತ್ತಿದರೆ ಪಿಚಕ್ಕನೆ ಒಡೆದು ನಾರುತ್ತದೆ, ಬೇರು ಬಂದು ಅಲ್ಲಿಗೇ ನಿಂತಿದೆ, ಅಥವಾ ಬೀಜವೇ ಇಲ್ಲ. ಮೊದಲನೆಯದಕ್ಕೆ ಮಾಡುವ ಉಪಚಾರ ಎರಡನೆಯದನ್ನು ಕೊಲ್ಲಬಹುದು. ಎರಡನೆಯದಕ್ಕೆ ಮಾಡುವ ಉಪಚಾರದಿಂದ ಮೊದಲನೆಯದಕ್ಕೆ ಏನೂ ಆಗುವುದಿಲ್ಲ. ಆದ್ದರಿಂದ "ಬೀಜ ಮೊಳೆಯಲು ಕುದಿನೀರು ಹಾಕಿ", "ಫ್ರಿಜ್‌ನಲ್ಲಿಡಿ" ಎಂಬ ಸಲಹೆಗಳನ್ನು ಕಣ್ಣುಮುಚ್ಚಿ ಪಾಲಿಸಬೇಡಿ.

ಹಾಕಿದ ಹಾಗೆಯೇ ಇದೆ: ನೀರು ಒಳಗೆ ಹೋಗಿಲ್ಲ

ಹುಣಸೆ, ಕಕ್ಕೆ, ಗುಲ್‌ಮೊಹರ್, ಸುಬಾಬುಲ್, ಜಾಲಿ, ಶಂಖಪುಷ್ಪ, ಮಾರ್ನಿಂಗ್ ಗ್ಲೋರಿ, ಕ್ಯಾನಾ, ತಾವರೆ ಇವೆಲ್ಲ ಈ ಗುಂಪಿನವು. ಬೀಜದ ಹೊರಕವಚದಲ್ಲಿ ಕಂಬಗಳನ್ನು ಸಾಲಾಗಿ ನಿಲ್ಲಿಸಿದಂತೆ ಒತ್ತಾಗಿ ನಿಂತ ಕೋಶಗಳ ಒಂದು ಪದರ ಇರುತ್ತದೆ. ಅದರಲ್ಲಿ ಮೇಣದಂಥ ವಸ್ತು, ಮರವನ್ನು ಗಟ್ಟಿ ಮಾಡುವ ಲಿಗ್ನಿನ್ ತುಂಬಿಕೊಂಡು ನೀರಿಗೆ ದಾರಿಯೇ ಇರುವುದಿಲ್ಲ. ಬಯಲಿನಲ್ಲಿ ಬಿಸಿಲು–ಇರುಳಿನ ತಾಪ ಏರಿಳಿತ, ಬೆಂಕಿ ಇಂಥವು ಕವಚದ ಒಂದು ದುರ್ಬಲ ಜಾಗವನ್ನು ತೆರೆಯುತ್ತವೆ. ಅವರೆ ಜಾತಿಯ ಬೀಜಗಳಲ್ಲಿ ಆ ಜಾಗ ಬೀಜದ ಕಣ್ಣಿನ ಪಕ್ಕದಲ್ಲೇ ಇರುವ ಚಿಕ್ಕ ಉಬ್ಬು. ಆ ಬಾಗಿಲನ್ನು ನಾವು ತೆರೆಯಬೇಕು, ಅಥವಾ ಗೋಡೆಯಲ್ಲೇ ಕಿಂಡಿ ಕೊರೆಯಬೇಕು.

ಕವಚವೇ ಅಡ್ಡಿ ಎಂದು ಖಚಿತ ಮಾಡಿಕೊಳ್ಳಲು ತೂಕದ ಪರೀಕ್ಷೆ ಸಾಕು. 0.1 ಗ್ರಾಂ ತೋರಿಸುವ ತಕ್ಕಡಿಯಲ್ಲಿ 20 ಬೀಜ ತೂಗಿ, ಕೋಣೆಯ ತಾಪದ ನೀರಿನಲ್ಲಿ 24 ಗಂಟೆ ನೆನೆಸಿ, ಬಟ್ಟೆಯಲ್ಲಿ ಮೇಲಿನ ತೇವ ಒರೆಸಿ ಮತ್ತೆ ತೂಗಿ. 10 ಗ್ರಾಂ ಇದ್ದದ್ದು 10.2 ಆಗಿದ್ದರೆ ಒಳಗೆ ಏನೂ ಹೋಗಿಲ್ಲ. 13–14 ಗ್ರಾಂ ದಾಟಿದ್ದರೆ ನೀರು ಹೋಗಿದೆ, ನಿಮ್ಮ ತೊಂದರೆ ಬೇರೆಲ್ಲೋ ಇದೆ, ಈ ಭಾಗ ಬಿಟ್ಟು ಮುಂದಕ್ಕೆ ಹೋಗಿ. ನಡುವಿನ ಅಂಕಿ ಬಂದರೆ ಬೀಜಗಳನ್ನು ಒಂದೊಂದಾಗಿ ನೋಡಿ. ಒಂದೇ ಕಾಯಿಯಲ್ಲಿ ಬೆಳೆದ ಬೀಜಗಳಲ್ಲೂ ಅರ್ಧ ಉಬ್ಬಿ ಅರ್ಧ ಕಲ್ಲುಕಾಳಾಗಿ ಉಳಿಯುವುದು ಮಾಮೂಲು. ಉಬ್ಬಿದವನ್ನು ಅವತ್ತೇ ಬಿತ್ತಿ, ಉಳಿದವಕ್ಕೆ ಮಾತ್ರ ಉಪಚಾರ ಮಾಡಿ.

ಈ ಪರೀಕ್ಷೆ ಮೋಸ ಮಾಡುವ ಒಂದು ಸಂದರ್ಭವಿದೆ. ತೇಗದಲ್ಲಿ ನಾವು ಬೀಜ ಎನ್ನುವುದು ನಿಜಕ್ಕೂ ಇಡೀ ಹಣ್ಣು, ಒಳಗಿರುವುದು ಮರದಂಥ ಓಟೆ. ಹಣ್ಣಿನ ಹೊರಪದರವೇ ನೀರು ಹೀರಿ ತೂಕ ಏರುತ್ತದೆ. ಅಂಥದ್ದರಲ್ಲಿ ತೂಕ ಏರಿತೆಂದು ಒಳಗಿನ ಬೀಜ ಎದ್ದಿದೆ ಎಂದುಕೊಳ್ಳಬಾರದು.

*ಕವಚ ಕೆತ್ತುವುದು.* ಐವತ್ತು ನೂರು ಬೀಜದ ಮಟ್ಟಿಗೆ ಇದಕ್ಕಿಂತ ಒಳ್ಳೆಯ ದಾರಿ ಇಲ್ಲ. ಬೀಜದ ಕಣ್ಣು ಎಲ್ಲಿದೆ ಎಂದು ಮೊದಲು ಗುರುತಿಸಿ; ಕಾಯಿಗೆ ಅಂಟಿಕೊಂಡಿದ್ದ ಗುರುತು ಅದು. ಮೊಳಕೆಬೇರು ಸಾಮಾನ್ಯವಾಗಿ ಅದರ ಹತ್ತಿರವೇ ಇರುವುದರಿಂದ ಕೆತ್ತುವುದು ಅದರ ಎದುರು ಬದಿಯಲ್ಲಿ, ಇಲ್ಲವೇ ಪಕ್ಕದಲ್ಲಿ. ಹುಣಸೆ, ಕಕ್ಕೆಯಷ್ಟು ದೊಡ್ಡ ಬೀಜಕ್ಕೆ ಉಗುರು ಕತ್ತರಿಯಿಂದ ಚಿಟಿಕೆ ಸಾಕು. ತಾವರೆ, ಕ್ಯಾನಾದಂಥ ನುಣುಪು ಗುಂಡು ಬೀಜ ಕತ್ತರಿಗೆ ಸಿಕ್ಕದೆ ಹಾರುತ್ತದೆ. ಇಕ್ಕಳದಲ್ಲಿ ಹಿಡಿದು ಅರದಿಂದ ಉಜ್ಜಿ. ಕಪ್ಪು ಅಥವಾ ಕಂದು ಕವಚದ ಕೆಳಗೆ ಬಿಳಿ, ಕೆನೆ ಬಣ್ಣ ಕಂಡ ಕೂಡಲೇ ನಿಲ್ಲಿಸಿ. ಒಳಗಿನ ಬೇಳೆಗೆ ಆಳ ಗಾಯವಾದರೆ ಮೊಳಕೆ ಬಂದೀತು, ಆದರೆ ಆ ಗಾಯದಿಂದಲೇ ಬೂಷ್ಟು ಒಳಗೆ ಹೊಕ್ಕುತ್ತದೆ.

ಸಣ್ಣ ಬೀಜಗಳನ್ನು ಒಂದೊಂದಾಗಿ ಕೆತ್ತಲು ಆಗದು. ಮುಚ್ಚಳವಿರುವ ಡಬ್ಬಿಯ ಒಳಮೈಗೆ 80–120 ನಂಬರಿನ ಸ್ಯಾಂಡ್‌ಪೇಪರ್ ಅಂಟಿಸಿ, ಬೀಜ ಹಾಕಿ ಎರಡು ಮೂರು ನಿಮಿಷ ಜೋರಾಗಿ ಅಲುಗಿಸಿ. ಹೊಳಪು ಹೋಗಿ ಮಂಕಾದರೆ ಸಾಕು. ಅದರಲ್ಲಿ ಹತ್ತು ಬೀಜ ತೆಗೆದು ನೆನೆಸಿ ನೋಡಿ. ಏಳೆಂಟು ಉಬ್ಬಿದರೆ ಅಷ್ಟೇ ಹೊತ್ತು ಉಳಿದವಕ್ಕೂ ಸಾಕು.

ಗುಲಗಂಜಿಗೆ ಮಾತ್ರ ಒಂದು ಎಚ್ಚರಿಕೆ. ಅದರೊಳಗಿನ ಏಬ್ರಿನ್ ಮಾರಕ ವಿಷ. ಗಟ್ಟಿ ಕವಚ ಇರುವ ತನಕ ವಿಷ ಒಳಗೇ ಇರುತ್ತದೆ, ಕೆತ್ತಿದ ಕ್ಷಣದಿಂದ ಹೊರಗೆ. ಅದನ್ನು ಅರದಿಂದ ಉಜ್ಜಿ ಪುಡಿ ಹಾರಿಸುವ ಕೆಲಸಕ್ಕೆ ಹೋಗಬೇಡಿ. ಅಲಂಕಾರಕ್ಕೆ ಬಳ್ಳಿ ಬೇಕಿದ್ದರೆ ಬೇರೆ ಎಷ್ಟೋ ಇವೆ.

*ಬಿಸಿನೀರು.* ಜಾಲಿ, ಸುಬಾಬುಲ್‌ನಂಥವನ್ನು ಕಿಲೋಗಟ್ಟಲೆ ಬಿತ್ತುವಾಗ ಇದೇ ಗತಿ. ಬೀಜದ ಹತ್ತು ಪಟ್ಟು ಗಾತ್ರದಷ್ಟು ನೀರು ಕುದಿಸಿ, ಒಲೆಯಿಂದ ಇಳಿಸಿ, ಕುದಿತ ನಿಂತು 80 ಡಿಗ್ರಿಗೆ ಇಳಿದ ಮೇಲೆ ಬೀಜ ಹಾಕಿ. ಅದೇ ನೀರಿನಲ್ಲಿ ತಣ್ಣಗಾಗುತ್ತಾ 12–24 ಗಂಟೆ ಇರಲಿ. ಸುಬಾಬುಲ್‌ಗೆ 80 ಡಿಗ್ರಿಯಲ್ಲಿ ಮೂರ್ನಾಲ್ಕು ನಿಮಿಷ ಇಟ್ಟು ತಣ್ಣೀರಿಗೆ ಹಾಕುವುದೂ ಉಂಟು. ಕೆಡುವುದು ಎರಡು ಕಡೆ. ಒಲೆಯ ಮೇಲೆ ಇಟ್ಟೇ ಬೀಜ ಹಾಕಿದರೆ ಅದು ಬೇಯುತ್ತದೆ. ನೀರು ಕಡಿಮೆ, ಬೀಜ ಜಾಸ್ತಿ ಹಾಕಿದರೆ ನೀರಿನ ಬಿಸಿ ಒಮ್ಮೆಲೇ ಇಳಿದು ಕವಚಕ್ಕೆ ಏನೂ ಆಗುವುದಿಲ್ಲ. ಬೀಜ ಉಬ್ಬಿದ ಮೇಲೆ ಮತ್ತೆ ಒಣಗಿಸಿ ಇಡುವಂತಿಲ್ಲ, ಬಿತ್ತಲೇಬೇಕು. ಉಬ್ಬದೇ ಉಳಿದವಕ್ಕೆ ಇನ್ನೊಮ್ಮೆ ಬಿಸಿನೀರು ಹಾಕಬಹುದು.

ಈ ಉಪಚಾರ ತೆಳು ಸಿಪ್ಪೆಯ ಬೀಜಕ್ಕೆ ಬೇಡವೇ ಬೇಡ. ಬೀನ್ಸ್, ಅಲಸಂದೆ, ಸೌತೆ ಇವಕ್ಕೆ 80 ಡಿಗ್ರಿ ನೀರು ಹಾಕಿದರೆ ಕಥೆ ಮುಗಿಯಿತು.

*ಗಂಧಕಾಮ್ಲ.* ನರ್ಸರಿಗಳಲ್ಲಿ, ಪ್ರಯೋಗಾಲಯಗಳಲ್ಲಿ ಸಾಂದ್ರ ಸಲ್ಫ್ಯೂರಿಕ್ ಆಮ್ಲ ಬಳಸುತ್ತಾರೆ, ಫಲ ಒಳ್ಳೆಯದೇ. ಮನೆಯಲ್ಲಿ ಬೇಡ. ಆಮ್ಲ ಮೆತ್ತಿದ ಬೀಜಕ್ಕೆ ತೊಟ್ಟು ನೀರು ಬಿದ್ದರೂ ಕುದಿದು ಮುಖಕ್ಕೆ ಸಿಡಿಯುತ್ತದೆ, ಅವಧಿ ನಿಮಿಷಗಳ ಲೆಕ್ಕದಲ್ಲಿ ತಪ್ಪಿದರೂ ಬೀಜ ಸುಟ್ಟುಹೋಗುತ್ತದೆ. ಉಗುರು ಕತ್ತರಿ ಮಾಡುವ ಕೆಲಸಕ್ಕೆ ಆ ಅಪಾಯ ಯಾಕೆ?

ತೇಗಕ್ಕೆ ಬೇರೆಯೇ ದಾರಿ: ಹಗಲಿಡೀ ಬಿಸಿಲಲ್ಲಿ ಒಣಗಿಸಿ ಇರುಳಿಡೀ ನೀರಿನಲ್ಲಿ ನೆನೆಸುವುದು, ಹೀಗೆ ಒಂದೆರಡು ವಾರ. ಹಿಗ್ಗಿ ಕುಗ್ಗಿ ಓಟೆಯ ಬಿರುಕುಗಳು ಸಡಿಲವಾಗುತ್ತವೆ, ಸಿಪ್ಪೆಯಲ್ಲಿರುವ ಅಡ್ಡಿಪಡಿಸುವ ವಸ್ತುಗಳೂ ತೊಳೆದುಹೋಗುತ್ತವೆ. ಆದರೂ ಎಲ್ಲ ಒಟ್ಟಿಗೆ ಏಳುವುದಿಲ್ಲ. ತಿಂಗಳುಗಟ್ಟಲೆ ಒಂದೊಂದಾಗಿ ಬರುವುದು ತೇಗದ ಗುಣ, ದೋಷವಲ್ಲ.

ಉಬ್ಬಿದೆ, ಗಟ್ಟಿಯಾಗಿದೆ, ಮೊಳಕೆ ಮಾತ್ರ ಇಲ್ಲ

ಕಷ್ಟದ ಪತ್ತೆ ಇರುವುದು ಇಲ್ಲಿ. ಬೀಜ ಬದುಕಿದೆ, ನೀರು ಸಿಕ್ಕಿದೆ, ಆದರೂ ಏನನ್ನೋ ಕಾಯುತ್ತಿದೆ. ಏನನ್ನು ಎಂಬುದು ಅದು ಯಾವ ಹವೆಯ ಗಿಡ ಎಂಬುದರ ಮೇಲೆ ನಿಂತಿದೆ.

ಮೊದಲಿಗೆ ಬದುಕಿದೆಯೇ ಎಂಬುದನ್ನೇ ಖಚಿತ ಮಾಡಿಕೊಳ್ಳಿ. ಒಂದೆರಡು ಬೀಜವನ್ನು ಉದ್ದಕ್ಕೆ ಸೀಳಿ. ಒಳಗೆ ಬಿಳಿಯಾಗಿ, ತುಂಬಿಕೊಂಡು, ಬಿಗಿಯಾಗಿದ್ದರೆ ಒಳ್ಳೆಯದು. ಬೂದು, ಕಂದು, ಸುಕ್ಕು, ಎಣ್ಣೆಯಂತೆ ಪಾರದರ್ಶಕ ಇದ್ದರೆ ಸತ್ತಿದೆ. ಪ್ರಯೋಗಾಲಯದಲ್ಲಿ ಇದನ್ನೇ ಟೆಟ್ರಜೋಲಿಯಂ ದ್ರಾವಣದಲ್ಲಿ ಮಾಡುತ್ತಾರೆ. ಉಸಿರಾಡುವ ಕೋಶಗಳು ಕೆಂಪಾಗುತ್ತವೆ, ಸತ್ತವು ಬಿಳಿಯಾಗಿಯೇ ಉಳಿಯುತ್ತವೆ.

*ಚಳಿಗಾಲಕ್ಕೆ ಕಾಯುವವು.* ಸೇಬು, ಪೀಚ್, ಪ್ಲಮ್, ಗುಲಾಬಿ, ಲ್ಯಾವೆಂಡರ್ ಮತ್ತು ಹಿಮ ಬೀಳುವ ಸೀಮೆಯ ಎಷ್ಟೋ ಹೂಗಿಡಗಳು ಹಣ್ಣಾದ ಕೂಡಲೇ ಮೊಳೆತರೆ ಎಳೆಯ ಸಸಿ ಮಂಜಿಗೆ ಸಿಕ್ಕಿ ಸಾಯುತ್ತದೆ. ಹಾಗಾಗಿ ಭ್ರೂಣದಲ್ಲಿ ಅಬ್ಸಿಸಿಕ್ ಆಮ್ಲ ಎಂಬ ಹಾರ್ಮೋನು ತಡೆಯಾಗಿ ಕೂತಿರುತ್ತದೆ. ಹಸಿ ಚಳಿಯಲ್ಲಿ ವಾರಗಟ್ಟಲೆ ಇದ್ದಾಗ ಆ ತಡೆ ಸಡಿಲವಾಗಿ, ಮೊಳಕೆಯನ್ನು ಎಬ್ಬಿಸುವ ಇನ್ನೊಂದು ಹಾರ್ಮೋನಾದ ಗಿಬ್ಬರೆಲಿನ್‌ನ ಕೈ ಮೇಲಾಗುತ್ತದೆ.

ಇಲ್ಲಿ ಪದೇ ಪದೇ ಆಗುವ ತಪ್ಪು ಒಂದೇ: ಬೀಜದ ಪೊಟ್ಟಣವನ್ನೇ ಎತ್ತಿ ಫ್ರಿಜ್‌ನಲ್ಲಿಡುವುದು. ಒಣ ಬೀಜಕ್ಕೆ ಚಳಿ ತಟ್ಟಿದರೆ ಅದು ಕೆಡದೆ ಉಳಿಯುತ್ತದೆ, ಅಷ್ಟೇ, ನಿದ್ದೆ ಕಳೆಯುವುದಿಲ್ಲ. ನೀರು ಕುಡಿದ ಬೀಜಕ್ಕೆ ಮಾತ್ರ ಚಳಿಯ ಲೆಕ್ಕ ಹತ್ತುತ್ತದೆ. ಮಾಡುವ ಕ್ರಮ ಹೀಗೆ: ಬೀಜವನ್ನು 12–24 ಗಂಟೆ ನೆನೆಸಿ. ಬೀಜದ ಮೂರು ಪಟ್ಟು ತೊಳೆದ ಮರಳು, ವರ್ಮಿಕ್ಯುಲೈಟ್ ಅಥವಾ ಕೊಕೊಪಿಟ್ ತೆಗೆದುಕೊಂಡು ಮುಷ್ಟಿಯಲ್ಲಿ ಹಿಂಡಿದರೆ ಹನಿ ತೊಟ್ಟಿಕ್ಕದಷ್ಟು ಹದಕ್ಕೆ ಒದ್ದೆ ಮಾಡಿ. ಬೆರೆಸಿ ಜಿಪ್ ಕವರಿಗೆ ಹಾಕಿ, ಸ್ವಲ್ಪ ಗಾಳಿ ಬಿಟ್ಟು ಮುಚ್ಚಿ, ದಿನಾಂಕ ಬರೆದು ಫ್ರಿಜ್‌ನ ತರಕಾರಿ ಡ್ರಾಯರಿನಲ್ಲಿಡಿ. ತಾಪ 1ರಿಂದ 5 ಡಿಗ್ರಿ ಇರಬೇಕು. ಫ್ರೀಜರ್‌ಗೆ ಹಾಕಿದರೆ ನೀರು ಕುಡಿದ ಬೀಜದ ಕೋಶ ಒಡೆಯುತ್ತದೆ. ಲ್ಯಾವೆಂಡರ್‌ಗೆ ಮೂರು ನಾಲ್ಕು ವಾರ ಸಾಕು. ಸೇಬಿಗೆ ಎರಡರಿಂದ ಮೂರು ತಿಂಗಳು. ಪೀಚ್‌ಗೆ ಮೂರು ತಿಂಗಳು ಅಥವಾ ಅದಕ್ಕಿಂತ ಹೆಚ್ಚು. ಮಾಗಿದ ಹಣ್ಣು ಇದೇ ಫ್ರಿಜ್‌ನಲ್ಲಿದ್ದರೆ ಕವರನ್ನು ಅದರಿಂದ ದೂರ ಇಡಿ.

ವಾರಕ್ಕೊಮ್ಮೆ ಕವರ್ ತೆರೆದು ನೋಡಿ. ಬಿಳಿ ಬೇರಿನ ತುದಿ ಇಣುಕಿದ್ದರೆ ಫ್ರಿಜ್‌ನೊಳಗೇ ಮೊಳೆತಿದೆ, ಆ ಬೀಜವನ್ನು ಅವತ್ತೇ ಕುಂಡಕ್ಕೆ ಹಾಕಬೇಕು. ಅವಧಿ ಮುಗಿದ ಮೇಲೆ ಮಾಡಬಾರದ್ದು ಏನೆಂದರೆ ಚಳಿಯಿಂದ ತೆಗೆದದ್ದನ್ನು ನೇರ 28–30 ಡಿಗ್ರಿ ಸೆಕೆಗೆ ಇಡುವುದು. ಸೇಬು ಮತ್ತು ಅದರ ಬಳಗದ ಬೀಜ ಆಗ ಮತ್ತೆ ನಿದ್ದೆಗೆ ಜಾರುತ್ತದೆ, ಇಡೀ ಚಳಿಯ ಲೆಕ್ಕ ಮೊದಲಿಂದ ಶುರು. 15ರಿಂದ 20 ಡಿಗ್ರಿಯ ತಂಪು ಜಾಗದಲ್ಲಿ ಮೊಳೆಯಲು ಬಿಡಿ.

ಕೆಲವು ಬೀಜಕ್ಕೆ ಗಟ್ಟಿ ಕವಚವೂ ಇದೆ, ಒಳಗೆ ನಿದ್ದೆಯೂ ಇದೆ. ಅಲ್ಲಿ ಕ್ರಮ ಮುಖ್ಯ. ಮೊದಲು ಕೆತ್ತಿ, ನೆನೆಸಿ, ಆಮೇಲೆ ಚಳಿ. ಕೆತ್ತದೆ ಮೂರು ತಿಂಗಳು ಫ್ರಿಜ್‌ನಲ್ಲಿಟ್ಟರೆ ಒಳಗಿನ ಭ್ರೂಣ ಒಣಗಿಯೇ ಇರುತ್ತದೆ, ಮೂರು ತಿಂಗಳು ದಂಡ.

*ಗಿಬ್ಬರೆಲಿಕ್ ಆಮ್ಲ.* ಗಿಬ್ಬರೆಲಿನ್ ಗುಂಪಿನದೇ ಆದ ಇದು ಚಳಿಯ ಬದಲು, ಕೆಲವೊಮ್ಮೆ ಬೆಳಕಿನ ಬದಲು ಕೆಲಸ ಮಾಡುತ್ತದೆ. ಶ್ರೀಗಂಧಕ್ಕೆ 500 ಪಿಪಿಎಂ ದ್ರಾವಣದಲ್ಲಿ ಒಂದು ರಾತ್ರಿ ನೆನೆಸುವುದು ನರ್ಸರಿಗಳಲ್ಲಿ ರೂಢಿ. 500 ಪಿಪಿಎಂ ಎಂದರೆ ಲೀಟರಿಗೆ 500 ಮಿಲಿಗ್ರಾಂ. 100 ಮಿಲಿಗೆ 50 ಮಿಲಿಗ್ರಾಂ. ಪುಡಿಯನ್ನು ನೇರ ನೀರಿಗೆ ಹಾಕಿದರೆ ಗಂಟಾಗಿ ತೇಲುತ್ತದೆ. ಒಂದೆರಡು ಮಿಲಿ ಸ್ಪಿರಿಟ್ ಅಥವಾ ಆಲ್ಕೊಹಾಲಿನಲ್ಲಿ ಮೊದಲು ಕರಗಿಸಿ, ಆಮೇಲೆ ನೀರು ಸೇರಿಸಿ. ದ್ರಾವಣವನ್ನು ಕತ್ತಲೆಯಲ್ಲಿ, ಫ್ರಿಜ್‌ನಲ್ಲಿಡಿ. ದಿನ ಕಳೆದಂತೆ ಅದರ ಶಕ್ತಿ ಕುಂದುವುದರಿಂದ ಬೇಕಾದಷ್ಟೇ ಕಲಸಿಕೊಳ್ಳುವುದು ಲೇಸು. ಒಂದು ರಾತ್ರಿಯಿಂದ 24 ಗಂಟೆ ನೆನೆಸುವುದು ಸಾಕು. ಹೆಚ್ಚಾದರೆ ಸಸಿ ಬರುತ್ತದೆ, ಆದರೆ ದಾರದಂತೆ ಸಪೂರ, ಬಿಳಿಚಿಕೊಂಡು, ನಿಲ್ಲಲಾರದೆ ಬಾಗುತ್ತದೆ. ಹಾಗೆ ಬಂದರೆ ಮುಂದಿನ ಬಾರಿ ಪ್ರಮಾಣ ಅರ್ಧಕ್ಕೆ ಇಳಿಸಿ.

ಮೆಣಸಿನಕಾಯಿಯಂಥ ಸೋಮಾರಿ ಬೀಜಕ್ಕೆ ಅಷ್ಟು ದೂರ ಹೋಗಬೇಕಿಲ್ಲ. ಪೊಟ್ಯಾಶಿಯಂ ನೈಟ್ರೇಟ್ ಲೀಟರಿಗೆ 2 ಗ್ರಾಂ, ಅಂದರೆ ಶೇ 0.2, ಇದರಲ್ಲಿ ಕಾಗದ ಅಥವಾ ಮಣ್ಣನ್ನು ಮೊದಲ ಸಲ ಒದ್ದೆ ಮಾಡಿದರೆ ಸಾಕು.

*ಬೆಳಕು ಬೇಕಾದವು.* ಪೆಟೂನಿಯಾ, ಬಿಗೋನಿಯಾ, ಸ್ನ್ಯಾಪ್‌ಡ್ರಾಗನ್, ಲೆಟಿಸ್, ಮತ್ತು ಧೂಳಿನಂಥ ಬಹುಪಾಲು ಬೀಜಗಳನ್ನು ಮಣ್ಣಿನಡಿ ಹೂತರೆ ಏಳುವುದಿಲ್ಲ. ಒಳಗಿರುವ ತಿನಿಸು ಎಷ್ಟು ಕಡಿಮೆಯೆಂದರೆ ಅರ್ಧ ಸೆಂಟಿಮೀಟರ್ ಮಣ್ಣು ದಾಟುವಷ್ಟರಲ್ಲಿ ಖಾಲಿ. ಅದಕ್ಕೇ ಬೆಳಕು ಕಂಡರೆ ಮಾತ್ರ ಹೊರಡುತ್ತವೆ. 1952ರಲ್ಲಿ ಅಮೆರಿಕದ ಬೆಲ್ಟ್ಸ್‌ವಿಲ್‌ನಲ್ಲಿ ಲೆಟಿಸ್ ಬೀಜದ ಮೇಲೆ ನಡೆದ ಪ್ರಯೋಗ ಇದರ ಗುಟ್ಟು ಬಿಡಿಸಿತು. ಕೆಂಪು ಬೆಳಕು ಬಿಟ್ಟರೆ ಮೊಳೆಯಿತು, ಕೂಡಲೇ ದೂರಗೆಂಪು (ಕೆಂಪಿನ ಕೊನೆಯಂಚಿನ, ಫಾರ್ ರೆಡ್) ಬೆಳಕು ಬಿಟ್ಟರೆ ಸುಮ್ಮನಾಯಿತು, ಕೊನೆಯಲ್ಲಿ ಯಾವುದು ಬಿದ್ದಿತೋ ಅದರ ಮಾತೇ ನಡೆಯಿತು. ಫೈಟೋಕ್ರೋಮ್ ಎಂಬ ವರ್ಣಕದ ಪತ್ತೆಗೆ ದಾರಿಯಾದದ್ದು ಅದೇ.

ಟ್ರೇ ಇಡುವವರಿಗೆ ಇದರಿಂದ ಒಂದು ಉಪಯುಕ್ತ ಪಾಠವಿದೆ. ದಟ್ಟ ಎಲೆಗಳ ನೆರಳಿನಲ್ಲಿ ಟ್ರೇ ಇಟ್ಟರೆ ಕೆಂಪು ಬೆಳಕನ್ನು ಮೇಲಿನ ಎಲೆಗಳು ಹೀರಿಕೊಂಡು, ಕೆಳಗೆ ಬೀಳುವುದರಲ್ಲಿ ದೂರಗೆಂಪೇ ಹೆಚ್ಚು. ಬೀಜ ಅದನ್ನು "ಮೇಲೆ ಯಾರೋ ಇದ್ದಾರೆ, ಈಗ ಬೇಡ" ಎಂದು ಓದುತ್ತದೆ. ನೆರಳು ಬೇಕಿದ್ದರೆ ನೆರಳುಬಲೆ ಅಥವಾ ಬಿಳಿ ಬಟ್ಟೆ ಕಟ್ಟಿ, ಗಿಡದ ಬುಡಕ್ಕೆ ಇಡಬೇಡಿ. ಇಂಥ ಬೀಜವನ್ನು ಒದ್ದೆ ಮಣ್ಣಿನ ಮೇಲೆ ಉದುರಿಸಿ, ಬೆರಳಿನಿಂದ ಮೆಲ್ಲಗೆ ಒತ್ತಿ, ಪಾರದರ್ಶಕ ಮುಚ್ಚಳ ಮುಚ್ಚಿ. ನೀರು ಕೆಳಗಿನಿಂದ ಹೀರಿಸಿ. ಮೇಲಿನಿಂದ ಹಾಕಿದರೆ ಬೀಜವೆಲ್ಲ ಒಂದು ಮೂಲೆಗೆ ಹರಿಯುತ್ತದೆ.

ಉಳಿದ ಬೀಜಗಳಿಗೆ ಆಳ ಬೀಜದ ದಪ್ಪದ ಎರಡರಿಂದ ಮೂರು ಪಟ್ಟು.

*ತಾಪ.* ಮದ್ದೆಲ್ಲ ಮಾಡಿ ಸೋತವರು ಕೊನೆಗೆ ನೋಡುವುದು ಇದನ್ನು. ಮೊದಲು ನೋಡಬೇಕಾಗಿದ್ದೂ ಇದನ್ನೇ. ಗಾಳಿಯ ತಾಪ ಲೆಕ್ಕಕ್ಕಿಲ್ಲ, ಮಣ್ಣಿನೊಳಗೆ ಎರಡು ಸೆಂಟಿಮೀಟರ್ ಆಳದಲ್ಲಿ ಥರ್ಮಾಮೀಟರ್ ಚುಚ್ಚಿ ನೋಡಿ. ಒದ್ದೆ ಮಣ್ಣು ಆವಿಯಾಗುತ್ತಾ ಗಾಳಿಗಿಂತ ಎರಡು ಮೂರು ಡಿಗ್ರಿ ತಂಪಾಗಿಯೇ ಇರಬಹುದು. ಮೆಣಸಿನಕಾಯಿ 25–30 ಡಿಗ್ರಿಯಲ್ಲಿ ಸುಮಾರು 8 ದಿನಕ್ಕೆ ಬಂದರೆ 15 ಡಿಗ್ರಿಯಲ್ಲಿ 25 ದಿನ ತೆಗೆದುಕೊಳ್ಳುತ್ತದೆ. ಅಷ್ಟು ದಿನ ಒದ್ದೆಯಲ್ಲಿ ಕೂತ ಬೀಜ ಕೊಳೆಯದೇ ಉಳಿದರೆ ಅದೃಷ್ಟ. ಹಾಗಲ, ಬೆಂಡೆಗೂ 25ಕ್ಕಿಂತ ಮೇಲಿನ ಬಿಸಿಯೇ ಹಿತ. ತಾಳೆ ಜಾತಿಯ ಬಹುಪಾಲು ಬೀಜ 30ರ ಆಸುಪಾಸು ಕೇಳುತ್ತವೆ.

ಲೆಟಿಸ್, ಪಾಲಕ್, ಸೆಲರಿ ಇದಕ್ಕೆ ತದ್ವಿರುದ್ಧ. 30 ಡಿಗ್ರಿ ದಾಟಿದರೆ ನೀರು ಕುಡಿದ ಬೀಜ ಮೊಳೆಯುವ ಬದಲು ಮುದುಡಿ ಕೂರುತ್ತದೆ. ಸೆಕೆಯಲ್ಲಿ ಬಿತ್ತಲೇಬೇಕಿದ್ದರೆ ಒದ್ದೆ ಬಟ್ಟೆಯಲ್ಲಿ ಸುತ್ತಿ ಎರಡು ದಿನ ಫ್ರಿಜ್‌ನಲ್ಲಿಟ್ಟು, ಮೂರನೆಯ ದಿನ ಸಂಜೆ ಬಿತ್ತಿ. ಇರುಳಿನ ತಂಪಿನಲ್ಲಿ ಬೇರು ಹೊರಬಂದರೆ ಮರುದಿನದ ಬಿಸಿಲನ್ನು ಅದು ತಡೆಯುತ್ತದೆ.

*ಭ್ರೂಣವೇ ಬೆಳೆದಿಲ್ಲ.* ಸೀತಾಫಲ, ತಾಳೆಗಳು, ಕ್ಯಾರೆಟ್‌ನ ಬಳಗ, ಅನಿಮೋನ್‌ಗಳಲ್ಲಿ ಹಣ್ಣಿನಿಂದ ಬೀಜ ಉದುರುವಾಗ ಭ್ರೂಣ ಇನ್ನೂ ಚಿಕ್ಕ ಚುಕ್ಕೆ. ಬೀಜದೊಳಗೇ ಬೆಳೆದು ದೊಡ್ಡದಾದ ಮೇಲೆ ಹೊರಬರುತ್ತದೆ. ಕ್ಯಾರೆಟ್‌ಗೆ ಇದು ಎರಡು ವಾರದ ಮಾತು, ಕೆಲವು ತಾಳೆಗಳಿಗೆ ವರ್ಷದ ಮಾತು. ಬೆಚ್ಚಗೆ, ಹದವಾದ ತೇವದಲ್ಲಿ, ಒಣಗಲು ಬಿಡದೆ ಕಾಯುವುದಷ್ಟೇ ಉಪಾಯ. ನಡುವೆ ಒಮ್ಮೆ ಪೂರ್ತಿ ಒಣಗಿದರೆ ಬೆಳೆಯುತ್ತಿದ್ದ ಭ್ರೂಣ ಸಾಯಬಹುದು.

*ತಿರುಳು ಉಳಿದಿದೆ.* ಪಪ್ಪಾಯಿ ಬೀಜದ ಸುತ್ತ ಇರುವ ಲೋಳೆ ಚೀಲ, ಟೊಮೆಟೊದ ಲೋಳೆ, ಹಣ್ಣಿನ ತಿರುಳು ಇವು ಬೀಜ ಹಣ್ಣಿನೊಳಗೇ ಮೊಳೆಯದಂತೆ ತಡೆಯಲು ಇರುವಂಥವು. ಪಪ್ಪಾಯಿ ಬೀಜವನ್ನು ಜರಡಿಯಲ್ಲಿ ಹಾಕಿ ಒರಟು ಮರಳಿನ ಜೊತೆ ನೀರಡಿ ಉಜ್ಜಿದರೆ ಚೀಲ ಒಡೆದು ಹೋಗುತ್ತದೆ. ಟೊಮೆಟೊ ತಿರುಳನ್ನು ಒಂದರಿಂದ ಮೂರು ದಿನ ಹುದುಗಲು ಬಿಟ್ಟು ತೊಳೆಯಿರಿ. ಬೀಟ್‌ರೂಟ್‌ನ ಬೀಜ ಎನ್ನುವ ಗಂಟನ್ನು ಹರಿಯುವ ನೀರಿನಲ್ಲಿ ಒಂದೆರಡು ಗಂಟೆ ಇಟ್ಟರೆ ತಡೆವಸ್ತು ಇಳಿಯುತ್ತದೆ. ಸ್ಟ್ರೆಲಿಟ್ಜಿಯಾದ (ಬರ್ಡ್ ಆಫ್ ಪ್ಯಾರಡೈಸ್ ಹೂಗಿಡ) ಕಿತ್ತಳೆ ಬಣ್ಣದ ಜುಟ್ಟನ್ನು ಕಿತ್ತು ತೆಗೆದು ಕವಚ ಕೆತ್ತಿ ಒಂದೆರಡು ದಿನ ನೆನೆಸಿ. ತಾಳೆ ಹಣ್ಣುಗಳ ತಿರುಳು ಬಿಡಿಸುವಾಗ ಕೈಗವಸು ಹಾಕಿಕೊಳ್ಳಿ; ಕೆಲವದರಲ್ಲಿರುವ ಕ್ಯಾಲ್ಸಿಯಂ ಆಕ್ಸಲೇಟ್ ಸೂಜಿಗಳು ಚರ್ಮಕ್ಕೆ ಚುಚ್ಚಿ ವಿಪರೀತ ತುರಿಕೆ ತರುತ್ತವೆ.

ಕಾಡ್ಗಿಚ್ಚಿಗಾಗಿ ಕಾಯುವ ಗಿಡಗಳೂ ಇವೆ. ದಕ್ಷಿಣ ಆಫ್ರಿಕಾ, ಆಸ್ಟ್ರೇಲಿಯಾದ ಎಷ್ಟೋ ಪೊದೆಗಳ ಬೀಜ ಹೊಗೆಯಲ್ಲಿರುವ ಕ್ಯಾರಿಕಿನ್ ಎಂಬ ವಸ್ತು ತಾಗಿದರೆ ಏಳುತ್ತವೆ. ಅವಕ್ಕೆ ಹೊಗೆ ಹಾಯಿಸಿದ ನೀರಿನಲ್ಲಿ ನೆನೆಸಬೇಕು. ಬೇರೆ ಬೀಜಕ್ಕೆ ಅದನ್ನು ಸುಮ್ಮನೆ ಪ್ರಯೋಗಿಸಬೇಕಿಲ್ಲ.

ಮೆತ್ತಗಾಗಿದೆ, ನಾರುತ್ತಿದೆ

ಬೀಜ ಸತ್ತಿದೆ. ಬೂಷ್ಟು ಕೊಂದಿತು ಎಂದು ಎಲ್ಲರೂ ಹೇಳುತ್ತಾರೆ, ಆದರೆ ಬಹಳ ಸಲ ಬೀಜ ಸತ್ತ ಮೇಲೆ ಬೂಷ್ಟು ಬಂದಿರುತ್ತದೆ. ಯಾವುದು ಮೊದಲು ಎಂದು ತಿಳಿಯಲು ಅದೇ ಬೀಜದ ಹತ್ತನ್ನು ಒದ್ದೆ ಕಾಗದದಲ್ಲಿ ಸರಿಯಾದ ತಾಪದಲ್ಲಿಟ್ಟು ನೋಡಿ. ಒಂದೆರಡಕ್ಕೆ ಮಾತ್ರ ಬೂಷ್ಟು ಹಿಡಿದು ಉಳಿದವು ಮೊಳೆತರೆ ಆ ಒಂದೆರಡು ಮೊದಲೇ ಸತ್ತವು. ಎಲ್ಲಕ್ಕೂ ಹಿಡಿದರೆ ಬೀಜದ ರಾಶಿಯೇ ಹಳಸಿದೆ.

ಒಳ್ಳೆಯ ಬೀಜ ಕುಂಡದಲ್ಲಿ ಕೊಳೆತರೆ ಗಾಳಿ ಸಾಲದು. ಮೊಳೆಯುವ ಬೀಜ ಜೋರಾಗಿ ಉಸಿರಾಡುತ್ತದೆ, ನೀರು ತುಂಬಿದ ಮಣ್ಣಿನಲ್ಲಿ ಆಮ್ಲಜನಕ ಸಿಗುವುದಿಲ್ಲ. ಅತಿಯಾಗಿ ನೆನೆಸುವುದೂ ಇದೇ ಕೆಡುಕು. ತೆಳು ಸಿಪ್ಪೆಯ ದೊಡ್ಡ ಕಾಳನ್ನು 8–12 ಗಂಟೆಗಿಂತ ಹೆಚ್ಚು ಮುಳುಗಿಸಿಡಬೇಡಿ. ಒಳಗಿನ ಸಕ್ಕರೆ ನೀರಿಗಿಳಿದು ಶಿಲೀಂಧ್ರಕ್ಕೆ ಊಟವಾಗುತ್ತದೆ. 24 ಗಂಟೆ ಮೀರಿ ನೆನೆಸಲೇಬೇಕಾದ ಬೀಜಕ್ಕೆ 12 ಗಂಟೆಗೊಮ್ಮೆ ನೀರು ಬದಲಿಸಿ.

ವಾರಗಟ್ಟಲೆ ಒದ್ದೆಯಲ್ಲಿ ಇರಬೇಕಾದ ಬೀಜಕ್ಕೆ ಮೈ ತೊಳೆಸುವುದು ಒಳ್ಳೆಯದು. ಶೇ 3ರ ಹೈಡ್ರೋಜನ್ ಪೆರಾಕ್ಸೈಡ್‌ನಲ್ಲಿ 5–10 ನಿಮಿಷ. ಅಥವಾ ಶೇ 5ರ ಬ್ಲೀಚ್ ದ್ರಾವಣದ ಒಂದು ಭಾಗಕ್ಕೆ ನಾಲ್ಕು ಭಾಗ ನೀರು ಬೆರೆಸಿ 10 ನಿಮಿಷ. ಆಮೇಲೆ ಮೂರು ನಾಲ್ಕು ಸಲ ಶುದ್ಧ ನೀರಿನಲ್ಲಿ ತೊಳೆಯಿರಿ. ಎರಡು ದ್ರಾವಣಗಳನ್ನು ಒಂದಕ್ಕೊಂದು ಬೆರೆಸಬೇಡಿ. ಕೆತ್ತುವ ಮೊದಲು ತೊಳೆಸಿ, ಕೆತ್ತಿದ ಮೇಲೆ ಮಾಡಿದರೆ ದ್ರಾವಣ ಭ್ರೂಣಕ್ಕೆ ತಾಗುತ್ತದೆ.

ಜೊಳ್ಳು, ಹಳೆಯದು, ಒಣಗಬಾರದ್ದು ಒಣಗಿದ್ದು

ನೀರಿನಲ್ಲಿ ತೇಲಿದರೆ ಜೊಳ್ಳು ಎನ್ನುವ ಪರೀಕ್ಷೆಯನ್ನು ಅರ್ಧ ಮಾತ್ರ ನಂಬಿ. ಬೀಜದ ಮೈಮೇಲೆ ರೋಮವಿದ್ದರೆ, ಕವಚದೊಳಗೆ ಗಾಳಿಯಿದ್ದರೆ ಒಳ್ಳೆಯ ಬೀಜವೂ ತೇಲುತ್ತದೆ. ತೇಲಿದವುಗಳಲ್ಲಿ ಐದನ್ನು ಸೀಳಿ ನೋಡದೆ ಎಸೆಯಬೇಡಿ.

ಬೀಜದ ವಯಸ್ಸು ಜಾತಿಯಿಂದ ಜಾತಿಗೆ ಬಹಳ ಬೇರೆ. ಈರುಳ್ಳಿ ಬೀಜ ಒಂದೆರಡು ವರ್ಷದಲ್ಲಿ ಸೋಲುತ್ತದೆ. ಅಮೆರಿಕದ ಮಿಷಿಗನ್‌ನಲ್ಲಿ ವಿಲಿಯಂ ಜೇಮ್ಸ್ ಬೀಲ್ 1879ರಲ್ಲಿ 20 ಬಾಟಲಿಗಳಲ್ಲಿ ಬೀಜ ತುಂಬಿ ಹೂತಿಟ್ಟರು. 2021ರಲ್ಲಿ ತೆಗೆದ ಬಾಟಲಿಯಲ್ಲಿ ವರ್ಬಾಸ್ಕಮ್ ಎಂಬ ಕಳೆಗಿಡದ ಬೀಜ ಇನ್ನೂ ಮೊಳೆಯಿತು. ಇಸ್ರೇಲಿನ ಮಸಾಡಾ ಕೋಟೆಯ ಅಗೆತದಲ್ಲಿ ಸಿಕ್ಕ ಸುಮಾರು 2,000 ವರ್ಷ ಹಳೆಯ ಖರ್ಜೂರದ ಬೀಜ 2005ರಲ್ಲಿ ಗಿಡವಾಯಿತು. ಆದರೆ ಇವು ಒಣಗಿ ಉಳಿಯಬಲ್ಲ ಜಾತಿಗಳು.

ಹಲಸು, ಮಾವು, ಕೋಕೋ, ರಬ್ಬರ್ ಇವು ಒಣಗಿದರೆ ಸಾಯುತ್ತವೆ. ಇವನ್ನು ಒಣಗಿಸಿ ಡಬ್ಬಿಯಲ್ಲಿಟ್ಟು ಮುಂದಿನ ಋತುವಿಗೆ ಬಿತ್ತಿದವರಿಗೆ ಯಾವ ಉಪಚಾರವೂ ನೆರವಾಗದು. ಹಣ್ಣಿನಿಂದ ತೆಗೆದ ವಾರದೊಳಗೆ ಬಿತ್ತಿ. ಸಾಗಿಸಬೇಕಿದ್ದರೆ ಹದವಾದ ಕೊಕೊಪಿಟ್‌ನಲ್ಲಿ, ಕೋಣೆಯ ತಾಪದಲ್ಲಿ ಇಡಿ. ಫ್ರಿಜ್ ಇವಕ್ಕೆ ಆಗದು. ಕೋಕೋ ಬೀಜ ಚಳಿಗೇ ಸತ್ತುಹೋಗುತ್ತದೆ. ಬೇವು, ಕರಿಬೇವಿಗೂ ಇದೇ ಆತುರ: ತಿರುಳು ಬಿಡಿಸಿ ತಾಜಾ ಇರುವಾಗಲೇ ಬಿತ್ತಿ.

ಬೇರು ಬಂತು, ಮುಂದೆ ಇಲ್ಲ

ಇದರಲ್ಲಿ ಒಂದು ರೋಗವಲ್ಲದ ರೋಗವಿದೆ. ಪಿಯೋನಿ ಮತ್ತು ಕೆಲವು ಲಿಲಿಗಳಲ್ಲಿ ಬೆಚ್ಚಗಿನ ಕಾಲದಲ್ಲಿ ಬೇರು ಇಳಿಯುತ್ತದೆ, ಚಿಗುರು ಮಾತ್ರ ಒಂದು ಚಳಿಗಾಲ ಕಳೆದ ಮೇಲೆ ಏಳುತ್ತದೆ. ಬೇರು ಬಂದ ಬೀಜವನ್ನು ಕವರಿನಲ್ಲೇ ಫ್ರಿಜ್‌ಗೆ ದಾಟಿಸಿ, ಎರಡು ಮೂರು ತಿಂಗಳು ಬಿಟ್ಟು ಹೊರಗೆ ತೆಗೆಯಿರಿ.

ಬೇರಿನ ತುದಿ ಕಂದಾಗಿ ಸೊರಗಿದ್ದರೆ ಒಣಗಿದೆ. ಮೊಳಕೆ ಇಣುಕಿದ ಗಳಿಗೆಯಿಂದ ಬೀಜಕ್ಕೆ ಹಿಂದೆ ಹೋಗುವ ದಾರಿ ಇಲ್ಲ, ಮಧ್ಯಾಹ್ನ ಎರಡು ಗಂಟೆ ಹೊತ್ತು ಒಣಗಿದರೂ ಸಾಯುತ್ತದೆ. ಮೇಲೆ ಬಂದ ಸಸಿ ಮಣ್ಣಿನ ಮಟ್ಟದಲ್ಲಿ ನೂಲಿನಂತೆ ಕುಗ್ಗಿ ಮಲಗಿದರೆ ಸಸಿ ಕೊಳೆ ರೋಗ. ಅದಕ್ಕೆ ಗುರಿಯಾದ ಸಸಿ ಉಳಿಯದು. ಉಳಿದವನ್ನು ಕಾಪಾಡಲು ಮುಚ್ಚಳ ತೆಗೆದು ಗಾಳಿಯಾಡಿಸಿ, ಮೇಲ್ಮೈ ಒಣಗಿದ ಮೇಲಷ್ಟೇ ನೀರು ಕೊಡಿ.

ಹಾಗಲ, ಮೆಣಸಿನಕಾಯಿ ಸಸಿ ಸಿಪ್ಪೆಯನ್ನು ಟೋಪಿಯಂತೆ ಹೊತ್ತು ನಿಂತಿದ್ದರೆ ಬಿತ್ತನೆ ತೀರಾ ಮೇಲಾಗಿದೆ, ಅಥವಾ ಗಾಳಿ ಒಣಗಿದೆ. ಒಂದು ಹನಿ ನೀರು ಬಿಟ್ಟು ಅರ್ಧ ಗಂಟೆ ಕಾದು ಚಿಮುಟದಿಂದ ಸಿಪ್ಪೆಯನ್ನು ಜಾರಿಸಿ. ಒಣಗಿರುವಾಗ ಎಳೆದರೆ ಬೀಜದಳವೇ ಕಿತ್ತುಬರುತ್ತದೆ.

ಬೀಜವೇ ಇಲ್ಲ

ಇರುವೆ, ಇಲಿ, ಹಕ್ಕಿ. ಟ್ರೇಯ ಮೇಲೆ ಸಣ್ಣ ಕಣ್ಣಿನ ತಂತಿಬಲೆ ಹಾಕಿ, ಟ್ರೇ ಇಟ್ಟ ಮೇಜಿನ ಕಾಲುಗಳನ್ನು ನೀರಿನ ಬಟ್ಟಲಲ್ಲಿ ನಿಲ್ಲಿಸಿ.

ಎಲ್ಲ ಬೀಜವನ್ನೂ ಒಂದೇ ದಾರಿಗೆ ಹಾಕಬೇಡಿ

ಪರಿಚಯವಿಲ್ಲದ ಬೀಜ ಸಿಕ್ಕಾಗ, 40 ಇದ್ದರೆ ಹತ್ತರಂತೆ ನಾಲ್ಕು ಪಾಲು ಮಾಡಿ. ಒಂದಕ್ಕೆ ಏನೂ ಮಾಡದೆ ಬಿತ್ತಿ, ಒಂದನ್ನು ಕೆತ್ತಿ ನೆನೆಸಿ ಬಿತ್ತಿ, ಒಂದನ್ನು ಕೆತ್ತಿ ನೆನೆಸಿ ಚಳಿಗೆ ಇಡಿ, ಕೊನೆಯ ಹತ್ತನ್ನು ಹಾಗೆಯೇ ಎತ್ತಿಡಿ. ಏನೂ ಮಾಡದ ಪಾಲು ಮೊದಲು ಮೊಳೆಯುವುದೂ ಉಂಟು. ಉಪಚಾರದಿಂದಲೇ ಕೆಟ್ಟಿತೆಂದು ಗೊತ್ತಾಗುವುದು ಆ ಪಾಲು ಇದ್ದರೆ ಮಾತ್ರ. ಮೂರೂ ಸೋತರೆ ಕೈಯಲ್ಲಿ ಇನ್ನೂ ಹತ್ತು ಬೀಜ ಇರುತ್ತದೆ.

ಟ್ರೇಯಲ್ಲಿ ಚುಚ್ಚುವ ಗುರುತಿನ ಕಡ್ಡಿಯ ಮೇಲೆ ಗಿಡದ ಹೆಸರಿನ ಜೊತೆ ಬಿತ್ತಿದ ದಿನ, ಮಾಡಿದ ಉಪಚಾರ, ಬೀಜದ ಸಂಖ್ಯೆ ಇವನ್ನೂ ಪೆನ್ಸಿಲ್‌ನಲ್ಲಿ ಬರೆಯಿರಿ. ಪೆನ್ನಿನ ಶಾಯಿ ಎರಡು ತಿಂಗಳ ಬಿಸಿಲಿಗೆ ಮಾಸುತ್ತದೆ. ಒತ್ತಿದರೆ ಗಟ್ಟಿಯಾಗಿರುವ ಬೀಜ ಇರುವ ತನಕ ಟ್ರೇ ಎಸೆಯಬೇಡಿ. ನೆರಳಿಗೆ ಸರಿಸಿ, ಮಣ್ಣು ಒಣಗದಂತೆ ನೋಡಿಕೊಂಡು, ತಿಂಗಳಿಗೊಮ್ಮೆ ಎರಡು ಬೀಜ ಎತ್ತಿ ಒತ್ತಿ ನೋಡಿ.